ಒಂದು ಬಿಟ್, ಅಮ್ಮನ ಮಿಸ್ಡ್ ಕಾಲ್, ಮತ್ತು ನನ್ನ ಪಿಎಚ್‌ಡಿ

ಗುರುವಾರ ವೈವಾ ಮುಗಿಯಿತು. ಆರೂವರೆ ವರ್ಷದ ಕೆಲಸ. ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಣ ಅಂದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಮ್ಮ. "ಕ್ಯಾನ್ಸರ್ ಜೀವಕೋಶಕ್ಕೆ ಹೊರಗಿನ ಸಂದೇಶ ಎಷ್ಟು ಸರಿಯಾಗಿ ಕೇಳಿಸುತ್ತೆ ಅಂತ ಲೆಕ್ಕ ಹಾಕ್ತೀನಿ" ಎಂದರೆ ಅವಳಿಗೆ ಅರ್ಥವಾಗಿರಲಿಲ್ಲ. ಆಮೇಲೆ ಮಿಸ್ಡ್ ಕಾಲ್ ನೆನಪಿಸಿದೆ. ಕಾಲೇಜಿನ ದಿನಗಳಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಬಂದು ಇಳಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದೆ. ಬಂದರೆ ತಲುಪಿದ್ದೇನೆ, ಬರದಿದ್ದರೆ ಇನ್ನೂ ಇಲ್ಲ. ಅದೇ ಒಂದು ಬಿಟ್. 1948ರಲ್ಲಿ ಕ್ಲಾಡ್ ಶಾನನ್ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಬರೆದ, ಮಾಹಿತಿಯನ್ನು ಅಳೆಯುವ ಗಣಿತವನ್ನೇ ಜೀವಕೋಶಕ್ಕೆ ಹಚ್ಚಿ, 2011ರಲ್ಲಿ ಲೆವ್ಚೆಂಕೊ, ನೆಮೆನ್‌ಮನ್ ಎಂಬ ವಿಜ್ಞಾನಿಗಳು ಮತ್ತು ಸಂಗಡಿಗರು ಅಳೆದು ನೋಡಿದರು. ಟಿಎನ್‌ಎಫ್ ಎಂಬ ಉರಿಯೂತದ ಸಂದೇಶ ಬಂದಾಗ ಒಂದು ಜೀವಕೋಶದ ಪ್ರತಿಕ್ರಿಯೆಯಲ್ಲಿ ಉಳಿಯುವ ಮಾಹಿತಿ ಸುಮಾರು 0.92 ಬಿಟ್. ಬಂತೋ ಇಲ್ಲವೋ, ಅಷ್ಟು ಗೊತ್ತಾಗುತ್ತೆ. ಎಷ್ಟು ಬಂತು ಅನ್ನೋದು ಒಳಗಿನ ಗದ್ದಲದಲ್ಲಿ ಕಳೆದುಹೋಗುತ್ತೆ.

ಅಮ್ಮ ಕೇಳಿಸಿಕೊಂಡು, "ಎರಡು ಸಲ ಕೊಟ್ರೆ ದುಡ್ಡು ಬೇಕು ಅಂತ ಗೊತ್ತಾಗ್ತಿತ್ತು, ಅಲ್ವಾ?" ಎಂದಳು. ನನ್ನ ಥೀಸಿಸ್‌ನ ಎರಡನೇ ಭಾಗ ಅದೇ! ಒಂದು ಕ್ಷಣದ ಚಿತ್ರ ಬಿಟ್ಟು, ಗಂಟೆಗಟ್ಟಲೆ ಸಿಗ್ನಲ್ ಹೇಗೆ ಏರಿ ಇಳಿಯುತ್ತದೆ ಅಂತ ನೋಡಿದರೆ ಮಾಹಿತಿ ಜಾಸ್ತಿ ಸಿಗುತ್ತದೆ. ನಾನು ಹಿಡಿದದ್ದು ಇಆರ್‌ಕೆ ದಾರಿ, ಜೀವಕೋಶಕ್ಕೆ "ಬೆಳೆ, ಇಬ್ಭಾಗವಾಗು" ಎಂದು ಹೇಳುವ ದಾರಿ. ಈ ದಾರಿಯಲ್ಲಿರುವ ಬಿರಾಫ್ ಎಂಬ ಜೀನಿನ ಕೆಲವು ರೂಪಾಂತರಗಳಲ್ಲಿ ಈ ಸಿಗ್ನಲ್ ಬೇಗ ಆರುವುದಿಲ್ಲ ಎಂದು 2018ರಲ್ಲಿ ಬೆಳಕಿನಿಂದ ಸಿಗ್ನಲ್ ಹೊತ್ತಿಸಿ, ಆರಿಸಿ ಮಾಡಿದ ಪ್ರಯೋಗ ತೋರಿಸಿತು. ಬಿಟ್ಟುಬಿಟ್ಟು ಬಂದ ಸಂದೇಶ ಒಂದಕ್ಕೊಂದು ಅಂಟಿಕೊಂಡು, ಜೀವಕೋಶ ಅದನ್ನು ತಪ್ಪಾಗಿ ಓದುತ್ತದೆ.

ಆಮೇಲೆ ನಮ್ಮ ಮೇಡಂ, ನನ್ನ ಗೈಡ್. ಮೂರನೇ ವರ್ಷ ಲ್ಯಾಬಿನಲ್ಲಿ ಬೆಳೆಸಿದ್ದ ನನ್ನ ಕೋಶಗಳಿಗೆಲ್ಲ ಮೈಕೋಪ್ಲಾಸ್ಮ ಎಂಬ ಬ್ಯಾಕ್ಟೀರಿಯಾ ಹತ್ತಿತು. ಅದು ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್‌ಗೂ ಬಗ್ಗುವುದಿಲ್ಲ. ಎಂಟು ತಿಂಗಳ ಡೇಟಾ ಹೋಯಿತು. ಅವರು ಒಂದು ಮಾತೂ ಬೈಯಲಿಲ್ಲ, ಪಕ್ಕದಲ್ಲಿ ಕೂತು "ಹೊಸ ಕೋಶ ಬೆಳೆಯೋವರೆಗೆ ಲೆಕ್ಕ ಸರಿಮಾಡೋಣ" ಎಂದರು. ಯಾವ ಕೋಶಕ್ಕೆ ಯಾವ ಡೋಸ್ ಅನ್ನುವ ಲೇಬಲ್‌ಗಳನ್ನೆಲ್ಲ ಕಲಸಿ ಮತ್ತೆ ಲೆಕ್ಕ ಹಾಕಿಸಿದರು. ಕೋಶಕ್ಕೂ ಡೋಸ್‌ಗೂ ನಂಟೇ ಕಡಿದ ಮೇಲೆ ಮಾಹಿತಿ ಸೊನ್ನೆ ಬರಬೇಕಿತ್ತು, ಬರಲಿಲ್ಲ. ಕೋಶಗಳ ಸಂಖ್ಯೆ ಕಡಿಮೆ ಇದ್ದರೆ ಇಲ್ಲದ ಮಾಹಿತಿಯೂ ಇದ್ದಂತೆ ಕಾಣುತ್ತದೆ. ಆವತ್ತು ಕಲಿತದ್ದೇ ಕೊನೆಗೆ ವೈವಾದಲ್ಲಿ ನನ್ನನ್ನು ಉಳಿಸಿತು.

ಲ್ಯಾಬಿನ ಅಣ್ಣನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? 2020ರ ಲಾಕ್‌ಡೌನ್‌ನಲ್ಲಿ ನಾವೆಲ್ಲ ಮನೆಯಲ್ಲಿದ್ದೆವು. ಅವರು ಪಾಸ್ ಮಾಡಿಸಿಕೊಂಡು ಸೈಕಲ್‌ನಲ್ಲಿ ಬಂದು ದ್ರವ ಸಾರಜನಕ ತುಂಬಿಸಿ ಹೋಗುತ್ತಿದ್ದರು. ಕೋಶಗಳನ್ನು ಹೆಪ್ಪುಗಟ್ಟಿಸಿಟ್ಟ, ಮೈನಸ್ 196 ಡಿಗ್ರಿಯ ಆ ಡಬ್ಬಿ ಬರಿದಾಗಿದ್ದರೆ ನನ್ನ ಕೋಶಗಳೂ ಇಲ್ಲ, ಈ ಬರಹವೂ ಇಲ್ಲ.

ಆ ಕೋಶಗಳು ಹೀಲಾ. 1951ರಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ 31ನೇ ವಯಸ್ಸಿಗೆ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಅವರ ಗೆಡ್ಡೆಯಿಂದ, ಅವರನ್ನು ಕೇಳದೇ ತೆಗೆದದ್ದು. ಅವರಿಗೆ ನಾನು ಥ್ಯಾಂಕ್ಸ್ ಹೇಳುವುದೂ ಅವರನ್ನು ಕೇಳದೇ. ಥೀಸಿಸ್‌ನ ಮೊದಲ ಪುಟದಲ್ಲಿ ಅಮ್ಮನ ಹೆಸರಿನ ಕೆಳಗೆ ಅವರ ಹೆಸರು ಬರೆದಿದ್ದೇನೆ, ಪೂರ್ತಿ ಹೆಸರು.