ಕೆನ್ನೆ ನೋಡಬೇಡ, ಕೈ ನೋಡು

ಗೆಳೆಯಾ,

ಗಾಜು ಊದೋದನ್ನ ನೋಡೋಕೆ ಹೋಗ್ತೀನಿ ಅಂತ ಬರೆದಿದ್ದೀಯಲ್ಲ, ಹೋಗೋ ಮುಂಚೆ ಇದನ್ನೊಂದು ಓದಿಕೋ. ಜನ ಎಲ್ಲ ಊದುವವನ ಕೆನ್ನೆಯನ್ನೇ ನೋಡ್ತಿರ್ತಾರೆ. ನೀನು ಕೈ ನೋಡು.

ಕುಲುಮೆಯೊಳಗೆ ಸುಮಾರು 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಜು ಜೇನುತುಪ್ಪದ ಹದಕ್ಕೆ ಬಂದಿರುತ್ತೆ. ಉದ್ದನೆಯ ಉಕ್ಕಿನ ಕೊಳವೆಯ ತುದಿ ಕಾಯಿಸಿ, ಅದರೊಳಗೆ ಅದ್ದಿ, ತಿರುಗಿಸ್ತಾ ಸುತ್ತಿಕೊಳ್ತಾರೆ. ತುದಿ ತಣ್ಣಗಿದ್ರೆ ಗಾಜು ಸರಿಯಾಗಿ ಅಂಟೋಲ್ಲ. ಅಲ್ಲಿಂದಾಚೆ ಕೊಳವೆ ತಿರುಗ್ತಲೇ ಇರಬೇಕು. ನಾಲ್ಕೈದು ಸೆಕೆಂಡು ಕೈ ನಿಂತರೆ ಸಾಕು, ಗಾಜು ಒಂದು ಪಕ್ಕಕ್ಕೆ ಜೋತುಬೀಳುತ್ತೆ. ಆಮೇಲೆ ಎಷ್ಟು ಊದಿದ್ರೂ ಒಂದು ಕಡೆ ದಪ್ಪ, ಒಂದು ಕಡೆ ತೆಳು.

ಉಕ್ಕಿನ ಹಾಸಿನ ಮೇಲೆ ಉರುಳಿಸಿ ಮೇಲ್ಪದರ ಗಟ್ಟಿ ಮಾಡಿಕೊಂಡ ಮೇಲೆ ಮೊದಲ ಉಸಿರು. ಇಲ್ಲಿ ಕಣ್ಣು ಮಿಟುಕಿಸಬೇಡ: ಒಂದು ಸಣ್ಣ ಊದು, ತಕ್ಷಣ ಹೆಬ್ಬೆರಳಿಂದ ಕೊಳವೆಯ ಬಾಯಿ ಮುಚ್ಚಿಬಿಡ್ತಾರೆ. ಒಳಗೆ ಸಿಕ್ಕಿಬಿದ್ದ ಗಾಳಿ ಬಿಸಿಗೆ ಹಿಗ್ಗಿ, ಯಾರೂ ಊದದೆ ಗುಳ್ಳೆ ತಾನಾಗಿ ಮೂಡುತ್ತೆ.

ಉಸಿರು ಹೋಗೋದು ಮೆತ್ತಗಿರೋ ಕಡೆಗೇ. ಗುಳ್ಳೆಯ ಬುಡ ಮಾತ್ರ ಉಬ್ಬಬೇಕಾ, ಕೊಳವೆಯ ಹತ್ತಿರದ ಅದರ ಹೆಗಲನ್ನ ತಣ್ಣಗಾಗೋಕೆ ಬಿಟ್ಟು ಬುಡಕ್ಕೆ ಶಾಖ ಕೊಡ್ತಾರೆ. ಆದ್ದರಿಂದಲೇ ಅವರು ಮತ್ತೆ ಮತ್ತೆ ಬೆಂಕಿಯ ಬಾಯಿಗೆ ಓಡೋದು. ಆಕಾರ ತಿದ್ದೋಕೆ ಅಂಗೈಯಲ್ಲಿ ಇಟ್ಟುಕೊಳ್ಳೋದು ಏನು ಗೊತ್ತಾ? ನೀರಲ್ಲಿ ನೆನೆಸಿ ಮಡಿಸಿದ ನ್ಯೂಸ್‌ಪೇಪರ್! ಗಾಜಿಗೂ ಕಾಗದಕ್ಕೂ ನಡುವೆ ಹಬೆಯ ಪದರ ನಿಲ್ಲುತ್ತೆ. ಕಾಗದ ಒಣಗಿದರೆ ಕೈ ಸುಟ್ಟಿತು ಅಂತಲೇ.

ಅಪಾಯದ ಗಳಿಗೆ ಅಂದ್ರೆ ಪಾತ್ರೆ ಕೊಳವೆ ಬಿಟ್ಟು ಸರಳಿಗೆ ದಾಟೋದು. ಸಹಾಯಕ ಆ ಸರಳಿನ ತುದಿಗೆ ಒಂದಿಷ್ಟು ಬಿಸಿ ಗಾಜು ಹಿಡಿದು ತಂದು ಬುಡಕ್ಕೆ ಅಂಟಿಸ್ತಾನೆ. ಇಕ್ಕಳದಿಂದ ಮೊದಲೇ ಕಿರಿದು ಮಾಡಿಟ್ಟ ಕತ್ತಿನ ಗೆರೆಗೆ ಒಂದು ಹನಿ ನೀರು, ಕೊಳವೆಗೆ ಒಂದು ಮೆಲ್ಲನೆಯ ಏಟು. ಟಕ್. ಸರಳಿನ ಗಾಜು ಅತಿ ಬಿಸಿಯಿದ್ರೆ ಬುಡಕ್ಕೆ ಬೆಸೆದುಕೊಂಡು ಕೊನೆಗೆ ಬಿಡಿಸುವಾಗ ಒಂದು ಚೂರನ್ನೇ ಕಿತ್ತುಕೊಳ್ಳುತ್ತೆ. ಆರಿದ್ರೆ ಪಾತ್ರೆ ನೆಲಕ್ಕೆ. ಅಲ್ಲಿ ನೋಡಬೇಕಾದವನು ಸಹಾಯಕ, ಚಪ್ಪಾಳೆ ಮಾತ್ರ ಅವನಿಗೆ ಬೀಳೋಲ್ಲ. ಆಮೇಲೆ ಪಾತ್ರೆಯ ಬಾಯಿ ಕಾಯಿಸಿ ಅಗಲಿಸೋದು, ಅಷ್ಟೆ.

ಮಾಡಿದ್ದನ್ನ ಅಲ್ಲೇ ಕೊಡಿ ಅಂತ ಕೇಳಬೇಡ ಮಾರಾಯ. ಬಾಟಲಿ, ಕಿಟಕಿಗೆ ಬಳಸೋ ಥರದ ಮಾಮೂಲಿ ಸೋಡಾ ಗಾಜಾದ್ರೆ ಅದು ಸುಮಾರು 500 ಡಿಗ್ರಿಯ ಗೂಡಿಗೆ ಹೋಗಿ, ಗಂಟೆಗಟ್ಟಲೆ ನಿಧಾನವಾಗಿ ಆರಬೇಕು. ಬಯಲಲ್ಲಿಟ್ರೆ ಹೊರಮೈ ಮೊದಲು ಗಟ್ಟಿಯಾಗಿ, ಒಳಗಿಂದು ಆಮೇಲೆ ಕುಗ್ಗೋಕೆ ಹೋಗಿ ಎಳೆದಾಡುತ್ತೆ. ಆಗಲೇ ಸೀಳದಿದ್ರೆ ಮಾರನೇ ದಿನ ಸೀಳೀತು. ಬಣ್ಣದ ಬಗ್ಗೆಯೂ ಅಲ್ಲೇ ತೀರ್ಪು ಕೊಡಬೇಡ, ಬಿಸಿಯಲ್ಲಿ ಎಲ್ಲವೂ ಕಿತ್ತಳೆಯೇ.

ಹತ್ತಿ ಬಟ್ಟೆ ಹಾಕ್ಕೋ, ಮುಚ್ಚಿದ ಶೂ ಇರಲಿ, ಅವರು ಕೂರುವ ಬೆಂಚಿಗೆ ಎದುರಾಗಿ ನಿಲ್ಲು. ಕೆಳಗೆ ಬಿದ್ದ ಚೂರು ಎಷ್ಟೇ ಚೆಂದ ಕಂಡ್ರೂ ಹೆಕ್ಕಬೇಡ. ಕೆಂಪು ಆರಿದ ಮೇಲೂ ಅದು ನೂರಾರು ಡಿಗ್ರಿ ಬಿಸಿ ಇರುತ್ತೆ, ನೋಡೋಕೆ ಮಾತ್ರ ತಣ್ಣಗಿನ ಗಾಜಿನ ಹಾಗೇ.

ಇಂತಿ,
ನಿನ್ನ ಗೆಳೆಯ