ರಾತ್ರಿ ಹತ್ತಕ್ಕೆ ಮೈಕ್ ಆಫ್: ನಮ್ಮ ಗ್ರಾಹಕರಿಗೆ ಒಂದು ಪತ್ರ

ಎಲ್ಲರಿಗೂ ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಈ ದೀಪಾವಳಿಯಿಂದ ರಾತ್ರಿ ಹತ್ತಕ್ಕೆ ನಮ್ಮ ಸೌಂಡ್ ಸೆಟ್ ಆಫ್. ಜಾತ್ರೆ, ಮದುವೆ, ಆರ್ಕೆಸ್ಟ್ರಾ, ನಾಟಕ, ಯಾವುದೇ ಇರಲಿ. ಪೊಲೀಸ್ ಪರ್ಮಿಷನ್ ಕಾಪಿ ಕೈಗೆ ಬರುವ ತನಕ ಒಂದು ಬಾಕ್ಸೂ ಗೋಡೌನಿನಿಂದ ಹೊರಡುವುದಿಲ್ಲ. ಡಿಜೆಗೆ ಹಾಕುತ್ತಿದ್ದ ದೊಡ್ಡ ಬಾಸ್ ಬಾಕ್ಸ್‌ಗಳನ್ನು ಮಾರಿಬಿಟ್ಟಿದ್ದೇವೆ, ದಯವಿಟ್ಟು ಕೇಳಬೇಡಿ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ತೊಂದರೆ ಆಗುತ್ತದೆ, ಕ್ಷಮೆ ಇರಲಿ. ಬೇಡ ಅನ್ನುವವರಿಗೆ ದುಡ್ಡು ಪೂರ್ತಿ ವಾಪಸ್.

"ಪೊಲೀಸರಿಗೆ ಹೆದರಿಬಿಟ್ರು" ಅಂತ ಟೀ ಅಂಗಡಿಯಲ್ಲಿ ಆಡಿಕೊಳ್ಳುತ್ತಿದ್ದಾರಂತೆ. ಹೌದು ಸ್ವಾಮಿ, ಹೆದರಲೇಬೇಕು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಮೈಕ್ ಹಾಕಬಾರದು ಅನ್ನುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲೇ ಇದೆ. ಮಿತಿ ಮೀರಿದರೆ ಮೈಕ್, ಆಂಪ್ಲಿಫೈಯರ್ ಜಪ್ತಿ ಮಾಡಲು ವ್ಯವಸ್ಥೆ ಮಾಡಿ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ನಮ್ಮ ಕಡೆ ಬಹಳ ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿದ ಮೇಲೆ ಬಿಗಿಯಾಯಿತು. ಜಪ್ತಿ ಅಂದರೆ ಗೊತ್ತಲ್ವಾ? ಕಮಿಟಿಯವರು ಮನೆಗೆ ಹೋಗಿ ಮಲಗುತ್ತಾರೆ, ಸ್ಟೇಷನ್ ಅಂಗಳದಲ್ಲಿ ಮಳೆಗೆ ನೆನೆಯುವುದು ನಮ್ಮ ಆಂಪ್ಲಿಫೈಯರ್. ಹೋದ ಗಣಪತಿ ಹಬ್ಬದಲ್ಲಿ ಅದೂ ಆಯಿತು. "ಇನ್ನೊಂದೇ ಹಾಡು ಅಣ್ಣಾ" ಅಂದ ಹುಡುಗರಲ್ಲಿ ಒಬ್ಬರೂ ಬಿಡಿಸಿಕೊಳ್ಳಲು ಜೊತೆಗೆ ಬರಲಿಲ್ಲ.

ಹಬ್ಬಕ್ಕೆ 12ರ ತನಕ ಬಿಡ್ತಾರಲ್ಲಾ ಅನ್ನುತ್ತೀರಿ. ಬಿಡಬಹುದು, ಆದರೆ ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ, ಅದನ್ನೂ ಸರ್ಕಾರವೇ ಕೊಡಬೇಕು. ನಿಮ್ಮೂರ ಕಮಿಟಿ ಅಲ್ಲ, ನಾವೂ ಅಲ್ಲ.

ಇನ್ನು ಸಿಕ್ಕವರೆಲ್ಲ ಕೇಳುವ ಮಾತು: "ಸೌಂಡ್ ಕಮ್ಮಿ, ಟೈಮೂ ಕಮ್ಮಿ, ಬಾಡಿಗೆ ಮಾತ್ರ ಯಾಕೆ ಜಾಸ್ತಿ?" ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮನೆಗಳಿರುವ ಕಡೆ ಶಬ್ದಕ್ಕೆ ಹಗಲಿನ ಮಿತಿ 55 ಡೆಸಿಬಲ್ (ಕಾನೂನಿನ ಲೆಕ್ಕದಲ್ಲಿ ಹಗಲು ಅಂದರೆ ರಾತ್ರಿ ಹತ್ತರ ತನಕ!). ಸಾರ್ವಜನಿಕ ಜಾಗದ ಅಂಚಿನಲ್ಲಿ ಅದಕ್ಕಿಂತ 10 ಜಾಸ್ತಿ ಇರಬಹುದು, ಅಷ್ಟೇ. ಆಂಪ್ಲಿಫೈಯರ್ ಪವರ್ ಅರ್ಧ ಮಾಡಿದರೂ ಶಬ್ದ ಅಳೆಯುವ ಮೀಟರಿನಲ್ಲಿ ಇಳಿಯುವುದು ಬರೀ 3 ಡೆಸಿಬಲ್. ಮೊದಲು ಸ್ಟೇಜಿನ ಎರಡು ಪಕ್ಕ ದೊಡ್ಡ ಬಾಕ್ಸ್ ಪೇರಿಸಿ ಜೋರು ಮಾಡಿದರೆ ಕಡೇ ಸಾಲಿಗೂ ಕೇಳುತ್ತಿತ್ತು, ಪಕ್ಕದೂರಿಗೂ ಕೇಳುತ್ತಿತ್ತು. ಈಗ ಸುಮ್ನೆ ವಾಲ್ಯೂಮ್ ಇಳಿಸಿದರೆ ಹಿಂದೆ ಕೂತವರಿಗೆ ಮಾತೇ ಗೊತ್ತಾಗಲ್ಲ. ಅದಕ್ಕೆ ಜನ ಕೂರುವ ಜಾಗದ ಉದ್ದಕ್ಕೂ ಚಿಕ್ಕ ಬಾಕ್ಸ್‌ಗಳನ್ನು ಒಳಮುಖವಾಗಿ ನಿಲ್ಲಿಸುತ್ತೇವೆ. ಬಾಕ್ಸ್ ಜಾಸ್ತಿ, ಸ್ಟ್ಯಾಂಡ್ ಜಾಸ್ತಿ, ವೈರ್ ಜಾಸ್ತಿ, ಇಬ್ಬರು ಮಾಡುತ್ತಿದ್ದ ಕೆಲಸಕ್ಕೆ ನಾಲ್ವರು ಹುಡುಗರು. ಹಿಂದಿನ ಬಾಕ್ಸ್‌ಗಳಿಗೆ ಸೌಂಡ್ ಚೂರು ತಡವಾಗಿ ಹೋಗಬೇಕು, ಇಲ್ಲದಿದ್ದರೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ. ಅದಕ್ಕೂ ಒಂದು ಮೆಷಿನ್ ತಂದಿದ್ದೇವೆ. ಮೈಕ್ ನಿಂತರೂ ಲೈಟಿಗೆ ಜನರೇಟರ್ ಓಡಲೇಬೇಕು, ಡೀಸೆಲ್ ಉಳಿಯಲ್ಲ. ಹುಡುಗರ ಕೂಲಿ ಫಂಕ್ಷನ್ ಲೆಕ್ಕ, ಗಂಟೆ ಲೆಕ್ಕ ಅಲ್ಲ. ಈ ಬಾಡಿಗೆಯಲ್ಲಿ ನಾವು ಬಂಗಲೆ ಕಟ್ಟುತ್ತಿಲ್ಲ.

ಆದರೂ ಒಂದು ಸಲ ಬಂದು ಕಡೇ ಸಾಲಿನಲ್ಲಿ ಕೂತು ಕೇಳಿ. ಹಾರ್ಮೋನಿಯಂ, ತಬಲ ಇಷ್ಟು ಬಿಡಿಬಿಡಿಯಾಗಿ ನಮ್ಮ ಸೆಟ್ಟಿನಲ್ಲೇ ಮುಂಚೆ ಕೇಳಿಸಿರಲಿಲ್ಲ.

ಡಿಜೆ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ. ಕಿಟಕಿ ಗಾಜು ಅದುರುತ್ತಿತ್ತು, ವಯಸ್ಸಾದವರು ಶಾಪ ಹಾಕುತ್ತಿದ್ದರು. ಬೇಜಾರು ನಾಟಕದ್ದು. ಬೆಳಗಾಗುವ ತನಕ ಆಡುವ ಪೌರಾಣಿಕ ನಾಟಕಕ್ಕೂ ಡಿಜೆಗೂ ಒಂದೇ ಕಟ್ಟು ಹಾಕಿದರೆ ಹೇಗೆ? ಹತ್ತು ಗಂಟೆಗೆ ನಮ್ಮ ಕಡೆ ಪಾತ್ರಧಾರಿಗಳು ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಹಾಗಂತ ಅವರೊಬ್ಬರಿಗೆ ಸಡಿಲ ಬಿಟ್ಟರೆ ಜಪ್ತಿ ಆಗುವುದು ಮತ್ತೆ ನಮ್ಮದೇ ಸಾಮಾನು.

ಮದುವೆಯವರು ಗಾಬರಿ ಆಗಬೇಡಿ. ಈಗಾಗಲೇ ಬುಕ್ ಆಗಿರುವ ಮದುವೆಗಳಿಗೆ ಹಳೇ ಬಾಡಿಗೆಯೇ. ಬೆಳಗಿನ ಜಾವದ ಮುಹೂರ್ತಕ್ಕೆ ಮಾತ್ರ ಆರು ಹೊಡೆದ ಮೇಲೇ ಮೈಕ್. ನಾಟಕದವರು ತಾರೀಕು ಗೊತ್ತು ಮಾಡುವ ಮುಂಚೆಯೇ ಅಂಗಡಿಗೆ ಬನ್ನಿ, ನಾಟಕ ಕಲಿಸುವ ಮೇಷ್ಟ್ರನ್ನೂ ಕರೆದುಕೊಂಡು ಬನ್ನಿ. ಮಧ್ಯಾಹ್ನ ಎರಡಕ್ಕೆ ಶುರು ಮಾಡಿದರೆ ಎಷ್ಟು ಸೀನ್ ಆಗುತ್ತದೆ, ಯಾವ ಹಾಡು ಬಿಡಬಹುದು ಅಂತ ಕೂತು ನೋಡೋಣ.

ಇಂತಿ,
ನಿಮ್ಮ ಮೈಕ್ ಸೆಟ್ ಅಂಗಡಿಯವರು