ರೆಡ್‌ಸ್ಟೋನ್ ಬರಲಿ, ನಮ್ಮ ಎಸ್‌ಎಲ್‌ವಿ–3 ಯಾವಾಗ?

ಮಾನ್ಯ ಸಂಪಾದಕರೇ,

ಕೊಪ್ಪಳ ಜಿಲ್ಲೆಯ ಭಾನಾಪುರದ ಆಟಿಕೆ ಕ್ಲಸ್ಟರ್ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತದೆ. ಓದಿದಾಗಲೆಲ್ಲ, ಉಪಗ್ರಹವನ್ನು ಕಕ್ಷೆಗೆ ಒಯ್ದ ಭಾರತದ ಮೊದಲ ರಾಕೆಟ್ ಎಸ್‌ಎಲ್‌ವಿ–3ರ ಮಾದರಿ ಕಿಟ್ ನಮ್ಮಲ್ಲೇ ಯಾಕೆ ಆಗಬಾರದು ಎಂದು ಬರೆಯಬೇಕು ಅನಿಸುತ್ತಿತ್ತು. ಈಗ ಅದಕ್ಕೆ ನೆಪವೂ ಸಿಕ್ಕಿದೆ. ಅಮೆರಿಕದ ಹಳೇ ಮರ್ಕ್ಯುರಿ–ರೆಡ್‌ಸ್ಟೋನ್ ರಾಕೆಟ್‌ನ ಹೊಸ ಪ್ಲಾಸ್ಟಿಕ್ ಕಿಟ್ ಹೊರದೇಶದಲ್ಲಿ ತಯಾರಾಗುತ್ತಿದೆಯಂತೆ, 1:72 ಅಳತೆಯಲ್ಲಿ, ಅಂದರೆ ಅಸಲಿಯ 72ರಲ್ಲಿ ಒಂದು ಪಾಲು. ಬಂದ ಕೂಡಲೇ ಫೋನ್ ಮಾಡುತ್ತೇನೆ ಎಂದು ಪುಣೆಯ ಅಂಗಡಿಯವರು ಹೇಳಿದ್ದಾರೆ. ಮುಂಗಡ ಕೊಟ್ಟು ಕಾಯುತ್ತಾ ಕೂತಿದ್ದೇನೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್, ಅಂದರೆ ಎರಕದ ಅಚ್ಚಿಗೆ ಬೇಕಾದ ಮಾದರಿ, ಮಾಡಿಕೊಡುವವನು. ಪಂಪಿನ ಬಾಡಿ, ಗೇರ್ ಬಾಕ್ಸಿನ ಮುಚ್ಚಳ, ಇಂಥವೇ ಜಾಸ್ತಿ. ರಾತ್ರಿ ಊಟ ಆದ ಮೇಲೆ ರಾಕೆಟ್ ಕಿಟ್ ಅಂಟಿಸುವುದು ನನ್ನ ಹುಚ್ಚು. ಶಾಪಿನ ಹುಡುಗರು ‘ಕಾಕಾ, ಇದು ಹಾರತೈತೇನ್ರಿ?’ ಅಂತ ಕೇಳುತ್ತಾರೆ. ಹಾರುವುದಿಲ್ಲ. ಆದರೆ ಹಾರಿದ್ದು ಹೇಗಿತ್ತು ಅಂತ ಕೈಗೇ ತಿಳಿಯುತ್ತದೆ.

ಈ ರೆಡ್‌ಸ್ಟೋನ್ ದೊಡ್ಡ ರಾಕೆಟ್ ಏನಲ್ಲ. ನೌಕೆ, ಅಪಾಯ ಬಂದರೆ ನೌಕೆಯನ್ನು ಎಳೆದೊಯ್ಯಲು ತುದಿಯಲ್ಲಿರುವ ಎಸ್ಕೇಪ್ ಟವರ್ ಎಲ್ಲ ಸೇರಿ ಸುಮಾರು 25 ಮೀಟರ್ ಎತ್ತರ. ಕಿಟ್‌ನಲ್ಲಿ 35 ಸೆಂಟಿಮೀಟರ್ ಆಗುತ್ತದೆ. 1961ರ ಮೇ 5ರಂದು ಅಮೆರಿಕದ ಗಗನಯಾತ್ರಿ ಅಲನ್ ಶೆಪರ್ಡ್ ಇದರ ತುದಿಯಲ್ಲಿ ಕೂತು ಕಾಲು ಗಂಟೆಯಲ್ಲಿ ಬಾಹ್ಯಾಕಾಶ ಮುಟ್ಟಿ ಬಂದರು. ಭೂಮಿ ಸುತ್ತಲಿಲ್ಲ, ಮೇಲೆ ಹೋಗಿ ಸಮುದ್ರಕ್ಕೆ ಇಳಿದರು ಅಷ್ಟೇ. ಅದಕ್ಕೂ ಮೊದಲು, ಅದೇ ವರ್ಷ ಜನವರಿ 31ರಂದು, ಹ್ಯಾಮ್ ಎಂಬ ಚಿಂಪಾಂಜಿ ಹೋಗಿ ಬಂದಿತ್ತು.

ಆದರೆ ನನಗೆ ಇಷ್ಟವಾದದ್ದು ಯಾರೂ ಕೂರದೆ ಹೊರಟ ರೆಡ್‌ಸ್ಟೋನ್. 1960ರ ನವೆಂಬರ್ 21. ಎಂಜಿನ್ ಹೊತ್ತಿತು, ರಾಕೆಟ್ ಸುಮಾರು ನಾಲ್ಕು ಇಂಚು ಮೇಲೆದ್ದಿತು, ಎಂಜಿನ್ ಆರಿತು, ಮತ್ತೆ ಅದೇ ಜಾಗದಲ್ಲಿ ಬಂದು ನಿಂತಿತು! ಬುಡದಲ್ಲಿ ನೆಲದಿಂದ ಬಂದ ಎರಡು ಕೇಬಲ್‌ಗಳಿದ್ದವು. ಒಂದು ಮೊದಲು, ಇನ್ನೊಂದು ಆಮೇಲೆ ಬಿಡಬೇಕಿತ್ತು. ಒಂದರ ಉದ್ದ ಬೇರೆಯಾಗಿದ್ದರಿಂದ ಹಿಂದುಮುಂದಾಗಿ ಬಿಟ್ಟವು, ಎಂಜಿನ್ ಆರಿದ್ದು ಅದರಿಂದಲೇ. ತಲೆಯ ಮೇಲಿನ ಎಸ್ಕೇಪ್ ಟವರ್ ಒಂದೇ ಸಿಡಿದು ಹಾರಿಹೋಯಿತು, ನೌಕೆ ರಾಕೆಟ್ ಮೇಲೆಯೇ ಉಳಿಯಿತು. ಆಮೇಲೆ ಪ್ಯಾರಾಶೂಟ್‌ಗಳು ಹೊರಬಿದ್ದು ಪಕ್ಕಕ್ಕೆ ಜೋತಾಡಿದವು. ಇಂಧನ ತುಂಬಿದ ರಾಕೆಟ್, ಗಾಳಿ ಬಂದು ಪ್ಯಾರಾಶೂಟ್ ಎಳೆದರೆ ಮುಗೀತು. ಹತ್ತಿರ ಹೋಗಲು ಯಾರಿಗೆ ಧೈರ್ಯ? ಬ್ಯಾಟರಿ ಖಾಲಿ ಆಗಲಿ ಎಂದು ಮರುದಿನದವರೆಗೆ ಕಾದರು. 1:72ರಲ್ಲಿ ಆ ನಾಲ್ಕು ಇಂಚು ಒಂದೂವರೆ ಮಿಲಿಮೀಟರ್ ಕೂಡ ಆಗುವುದಿಲ್ಲ. ನನ್ನ ಕಿಟ್ ಬಂದರೆ ಲಾಂಚ್ ಪ್ಯಾಡ್ ಮೇಲೆ ಅಷ್ಟೇ ಎತ್ತರಕ್ಕೆ ಎತ್ತಿ ನಿಲ್ಲಿಸುವ ವಿಚಾರ ಇದೆ.

ಕಿಟ್ ಹೇಗಿರುತ್ತದೋ ಎಂಬ ಆತಂಕವೂ ಇದೆ ಅನ್ನಿ. ಬಾಡಿ ಎರಡು ಹೋಳಾಗಿ ಬಂದರೆ ಉದ್ದಕ್ಕೂ ಜೋಡಣೆಯ ಗೆರೆ ಉಜ್ಜಬೇಕು. ಉಜ್ಜುವಾಗ ದುಂಡು ಕೆಡದಂತೆ ನೋಡಿಕೊಳ್ಳಬೇಕು. ಪ್ಲಾಸ್ಟಿಕ್ ದಪ್ಪ ಇದ್ದ ಕಡೆ ಆರುವಾಗ ಒಳಕ್ಕೆ ಕುಸಿದು ಗುಂಡಿ ಬೀಳುತ್ತದೆ, ನಮ್ಮ ಎರಕದಲ್ಲೂ ಇದೇ ಗೋಳು. ಎಸ್ಕೇಪ್ ಟವರ್ ಮೂರು ಕಾಲಿನ ಜಾಲರಿ, ಈ ಅಳತೆಯಲ್ಲಿ ಅದರ ಕೊಳವೆಗಳು ತೀರಾ ತೆಳ್ಳಗಾಗಬೇಕು. ಅಚ್ಚಿನಿಂದ ಸಲೀಸಾಗಿ ಬಿಡಲಿ ಎಂದು ದಪ್ಪ ಮಾಡಿದರೋ, ಮೊಬೈಲ್ ಟವರ್ ಹಾಗೆ ಕಾಣುತ್ತದೆ. ಅಚ್ಚು ಮಾಡುವವನ ಕೈಗುಣ ಗೊತ್ತಾಗುವುದೇ ಅಲ್ಲಿ.

ಇನ್ನು ನನ್ನ ಅಸಲಿ ಮಾತು. ಅಮೆರಿಕದ ಹಳೇ ರಾಕೆಟ್‌ಗೆ ಅರವತ್ತು ವರ್ಷ ದಾಟಿದ ಮೇಲೂ ಹೊಸ ಅಚ್ಚು ಕೊರೆಯುತ್ತಾರೆ. ನಮ್ಮ ಎಸ್‌ಎಲ್‌ವಿ–3ಕ್ಕೆ ಅಂಥ ಒಂದು ಕಿಟ್ ನಮ್ಮ ಪೇಟೆಯಲ್ಲಿ ಕೇಳಿದರೆ ಸಿಗುವುದಿಲ್ಲ. ‘ರಾಕೆಟ್’ ಎಂದರೆ ಕೆಂಪು ಮೂತಿಯ, ಯಾವ ದೇಶದ್ದೂ ಅಲ್ಲದ ಒಂದು ಆಟಿಕೆ ತೋರಿಸುತ್ತಾರೆ.

ಎಸ್‌ಎಲ್‌ವಿ–3 ಎಂದರೆ 22 ಮೀಟರ್ ಉದ್ದ, 17 ಟನ್ ತೂಕ, ನಾಲ್ಕು ಹಂತ, ನಾಲ್ಕೂ ಘನ ಇಂಧನದವು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹೋದ ಮೊದಲನೆಯದು ಬಂಗಾಳ ಕೊಲ್ಲಿಗೆ ಬಿತ್ತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ವಾಲ್ವ್ ಸರಿಯಾಗಿ ಮುಚ್ಚದೆ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. 1980ರ ಜುಲೈ 18ರಂದು ಎರಡನೆಯದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಕಿಟ್ ಬಂದರೆ ಅದರ ಕೈಪಿಡಿಯಲ್ಲಿ ಈ ವಾಲ್ವಿನ ಕತೆ ಇರಲೇಬೇಕು. ಬರೀ ಗೆದ್ದದ್ದನ್ನು ಬರೆದರೆ ಮಕ್ಕಳಿಗೆ ಸಪ್ಪೆ.

ಅಳತೆ ಎಷ್ಟಿರಬೇಕು? ರೆಡ್‌ಸ್ಟೋನ್ ಪಕ್ಕ ಇಡಲು 1:72 ಚೆಂದ, 30 ಸೆಂಟಿಮೀಟರ್ ಚಿಲ್ಲರೆ ಬರುತ್ತದೆ. ಆದರೆ ಎಸ್‌ಎಲ್‌ವಿ ಸಣಕಲು ರಾಕೆಟ್. ಮೊದಲ ಹಂತದ ವ್ಯಾಸ ಒಂದು ಮೀಟರ್. 1:72ರಲ್ಲಿ ಅದು 14 ಮಿಲಿಮೀಟರ್ ಆಗಿ ಬುಡದ ರೆಕ್ಕೆಗಳ ವಿವರವೆಲ್ಲ ಅಳಿಸಿಹೋಗುತ್ತದೆ. 1:48 ಆದರೆ 46 ಸೆಂಟಿಮೀಟರ್ ಎತ್ತರ, 21 ಮಿಲಿಮೀಟರ್ ದಪ್ಪ. ಮಕ್ಕಳ ಕೈಗೂ ಹಿಡಿತ ಸಿಗುತ್ತದೆ. ನನ್ನ ವೋಟು 1:48ಕ್ಕೆ.

ನಮ್ಮ ಭಾಗದಲ್ಲಿ ಇದಕ್ಕೆ ಏನು ಕಮ್ಮಿ ಹೇಳಿ? ಬೆಳಗಾವಿಯ ಏರೋಸ್ಪೇಸ್ ವಲಯದಲ್ಲಿ ವಿಮಾನದ ಬಿಡಿಭಾಗ ಕೊರೆಯುತ್ತಾರೆ. ಭಾನಾಪುರದಲ್ಲಿ ಆಟಿಕೆಗೇ ಅಂತ ಜಾಗ ಆಗಿದೆ. ಉಕ್ಕಿನ ಅಚ್ಚಿಗೆ ಲಕ್ಷಗಟ್ಟಲೆ ಬೀಳುತ್ತದೆ, ಒಪ್ಪುತ್ತೇನೆ. ಆದರೆ ಒಮ್ಮೆ ಮಾಡಿದ ಅಚ್ಚು ಸಾವಿರಾರು ಕಿಟ್ ಕೊಡುತ್ತದೆ. ಶಾಲೆಗಳಿಗೆ ಸರ್ಕಾರವೇ ಒಂದೊಂದು ಕೊಂಡರೂ ಅಚ್ಚಿನ ದುಡ್ಡಿಗೆ ದೊಡ್ಡ ಆಸರೆ.

ಒಂದೇ ಒಂದು ಬೇಡಿಕೆ ಇಸ್ರೊಗೆ. ಪ್ರತಿ ಹಂತದ ವ್ಯಾಸ, ಉದ್ದ, ರೆಕ್ಕೆಯ ಕೋನ, ಬಣ್ಣ ಎಲ್ಲ ಗುರುತು ಮಾಡಿದ ಹೊರಮೈ ಡ್ರಾಯಿಂಗ್ ಒಂದನ್ನು ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇಡಲಿ. ಸೋವಿಯತ್‌ನವರು ಗಗಾರಿನ್‌ರ ವೋಸ್ತೋಕ್ ರಾಕೆಟ್ಟನ್ನು 1961ರಲ್ಲಿ ಹಾರಿಸಿ, ಅದರ ನಿಜವಾದ ಆಕಾರವನ್ನು ಹೊರಗಿನವರಿಗೆ ತೋರಿಸಿದ್ದು 1967ರ ಪ್ಯಾರಿಸ್ ಏರ್ ಶೋನಲ್ಲಿ. ಅಲ್ಲಿಯವರೆಗೆ ಹೊರಗಿನವರು ಸುಮ್ನೆ ಊಹೆಯ ಮೇಲೆ ಚಿತ್ರ ಬರೆದರು. ಮ್ಯೂಸಿಯಂ ಸೇರುವಷ್ಟು ಹಳತಾದ ಎಸ್‌ಎಲ್‌ವಿ–3ರ ಹೊರಮೈ ಅಳತೆಗೆ ಈಗ ಯಾವ ಗುಟ್ಟು, ಅಲ್ವಾ?

ಡ್ರಾಯಿಂಗ್ ಸಿಕ್ಕರೆ ಮಾಸ್ಟರ್ ಮಾದರಿಯನ್ನು ನಾನೇ ಸಾಗವಾನಿಯಲ್ಲಿ 1:48ಕ್ಕೆ ಕಡೆದು ಕೊಡುತ್ತೇನೆ. ಕೂಲಿ ಬೇಡ, ಮರವೂ ನನ್ನದೇ. ಅಚ್ಚು ಕೊರೆಯುವವರು ಮುಂದೆ ಬರಲಿ.

— ಒಬ್ಬ ಪ್ಯಾಟರ್ನ್ ಮೇಕರ್, ಉದ್ಯಮಬಾಗ, ಬೆಳಗಾವಿ